ಬೇವಿನ ಕೆಳಗಿನ ಮೇಜು

ನಿಜಾಮರ ಕಾಲದಲ್ಲಿ ಗದ್ವಾಲದ ನಮ್ಮ ಚರ್ಚಿನಲ್ಲಿದ್ದ ಪಾದ್ರಿಗಳು ಸರ್ಕಾರದ ಯಾವ ಸುದ್ದಿಯನ್ನೂ ಒಳಗೆ ಹೇಳುತ್ತಿರಲಿಲ್ಲ. ಸಿಡುಬಿನ ಚುಚ್ಚುಮದ್ದಿನ ವಿಷಯವಾದರೂ ಸರಿ, ಪ್ರಾರ್ಥನೆ ಮುಗಿಸಿ, ಚಪ್ಪಲಿ ಮೆಟ್ಟಿ, ಅಂಗಳದ ಬೇವಿನ ಕೆಳಗೆ ನಿಂತೇ ಹೇಳುವರು. "ಒಳಗ ದೇವರ ಮಾತು, ಹೊರಗ ಸರ್ಕಾರದ್ದು." ಕೇಳಿ ಕೇಳಿ ನಮಗದು ಬಾಯಿಪಾಠವಾಗಿತ್ತು.

ಮಹಾಯುದ್ಧದ ಕಾಲದ ಒಂದು ಭಾನುವಾರ, ಫೌಜಿಗೆ ಆಳು ಸೇರಿಸುವ ಜಮಾದಾರ ಬಂದು ಚರ್ಚಿನೊಳಗೇ ಮೇಜು ಹಾಕಿಸಿದ. ಪಾದ್ರಿಗಳು ಅದನ್ನು ತಾವೇ ಹೊತ್ತು ಬೇವಿನ ಕೆಳಗಿಟ್ಟರು. ಅಲ್ಲಿ ಮೊದಲು ಹೋಗಿ ನಿಂತವನು ಅವರ ಮಗನೇ. ಅವರು ತಡೆಯಲಿಲ್ಲ.

"ಪಾದ್ರಿಸಾಬ್ರ, ನೀವು ಒಳಗ ನಿಂತು ಒಂದು ಮಾತು ಹೇಳಿದ್ರ ಎಲ್ಲಾ ಹುಡುಗರೂ ಬರತಾರ್ರಿ," ಎಂದ ಜಮಾದಾರ.

ಎದೆ ಅಳೆಸಿಕೊಂಡು ಬಂದ ಮಗನ ಅಂಗಿಯ ಗುಂಡಿ ಹಾಕುತ್ತ ಪಾದ್ರಿಗಳು ಅಂದರು: "ಅದಕ್ಕಽ ಹೇಳಂಗಿಲ್ರಿ."