ಬಡಿದು ನೋಡದೆ ಕಾಯಿಸಿದ ರೋಲರ್

ಒಲೆಯ ಮೇಲೆ ಕುಕ್ಕರ್ ಇದ್ದರೆ ಈಗಲೂ ನಾನು ಅದರ ಎದುರು ನಿಲ್ಲುವುದಿಲ್ಲ. ಬಾಗಿಲ ಮರೆಗೆ ಸರಿದು ಮೂರು ಸೀಟಿ ಆಗುವುದನ್ನೇ ಕಾಯುತ್ತೇನೆ. "ವೆಲ್ಡಿಂಗಿನಾಗ ಡಾಕ್ಟರೇಟ್ ಮಾಡಿದೋರು ಬ್ಯಾಳಿ ಕುದಿಯೋದಕ್ಕ ಹೆದರ್ತಾರ ನೋಡ್ರಿ" ಎಂದು ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗಲಿ. ಆ ರೋಲರನ್ನು ಅವಳು ನೋಡಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಸವೆದುಹೋದ ಎರಕದ ಕಬ್ಬಿಣದ ಭಾಗಗಳಿಗೆ ವೆಲ್ಡಿಂಗ್ ಮಾಡಿ ಹೊಸ ಲೋಹ ತುಂಬಿ, ಅವನ್ನು ಮತ್ತೆ ಹೊಸದರಂತೆ ದುಡಿಸುವುದು ಹೇಗೆ ಎಂಬುದು ನನ್ನ ಸಂಶೋಧನೆ. ರಜೆಗೆ ದೇವದುರ್ಗಕ್ಕೆ ಹೋದಾಗ ಅವ್ವನಿಗೆ ಇದನ್ನು ವಿವರಿಸಿದೆ. "ಕಬ್ಬಿಣಕ್ಕ ತ್ಯಾಪಿ ಹಚ್ಚಾಕ ಇಷ್ಟು ವರ್ಷ ಬೇಕೇನಪಾ? ನಾ ಕೌದಿಗೆ ದಿನಕ್ಕ ಹತ್ತು ಹಚ್ತೀನಿ" ಎಂದಳು.

ಪ್ರಯೋಗಾಲಯದಲ್ಲಿ ನಾನು ಬೆಸೆದ ತುಂಡುಗಳು ಚೆನ್ನಾಗಿಯೇ ಬಂದಿದ್ದವು. ನನ್ನ ಮಾರ್ಗದರ್ಶಕರು ಅವನ್ನು ಮೇಜಿನ ಅಂಚಿಗೆ ಸರಿಸಿ, "ಇವು ಎಂದೂ ಕೆಲಸ ಮಾಡಿದ ತುಂಡುಗಳಲ್ಲ. ಒಂದು ಸುಗ್ಗಿ ಪೂರ್ತಿ ಗಿರಣಿಯಲ್ಲಿ ತಿರುಗಿದ ಭಾಗ ತಂದು ತೋರಿಸು. ಅಲ್ಲಿಯವರೆಗೆ ಪ್ರಬಂಧದ ಮಾತು ಬೇಡ" ಎಂದರು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಮೂರು ವರ್ಷದ ದುಡಿಮೆ ಆ ಒಂದು ಭಾಗಕ್ಕೆ ಜೋತುಬಿದ್ದಿತು.

ಅದಕ್ಕಾಗಿ ರಾಯಚೂರಿನಲ್ಲಿ ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದ ವೆಲ್ಡರೊಬ್ಬರ ಅಂಗಳಕ್ಕೆ ಹೋದೆ. ಎರಕದ ಕಬ್ಬಿಣ ಬೆಸೆಯಲು ಅವರಂಥ ಕೈ ಆ ಕಡೆ ಇನ್ನೊಂದಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯವರೊಡನೆ ದಖನಿ ಉರ್ದು, ನನ್ನೊಡನೆ ಕನ್ನಡ, ಕಬ್ಬಿಣದೊಡನೆ ಸುತ್ತಿಗೆ. ಯಾವ ಭಾಗ ಬಂದರೂ ಮೊದಲು ಸಣ್ಣ ಸುತ್ತಿಗೆಯಿಂದ ನಾಲ್ಕೈದು ಕಡೆ ಬಡಿದು, ತಲೆ ವಾಲಿಸಿ ದನಿ ಕೇಳುತ್ತಿದ್ದರು. ದನಿಯಲ್ಲಿ ಅನುಮಾನ ಬಂದರೆ ಒಂದು ತೂತು ಕೊರೆದ ಮೇಲೆಯೇ ಬೆಂಕಿಗೆ. "ಹೊಟ್ಟಿ ಪೊಳ್ಳಿದ್ರ ಅದಕ್ಕ ಉಸಿರಾಡಾಕ ದಾರಿ ಬೇಕ್ರಿ" ಎನ್ನುತ್ತಿದ್ದರು.

ಕಬ್ಬಿಣ ಸಾಕಷ್ಟು ಕಾದಿದೆಯೇ ಎಂದು ತಿಳಿಯಲು ಒಣ ಜೋಳದ ದಂಟು ಮುಟ್ಟಿಸುವರು. ಅದು ಕರ್ರಗಾದರೆ ಹದ. ನಾನು ಕಾಲೇಜಿನಿಂದ ತಂದ ಶಾಖ ಅಳೆಯುವ ಯಂತ್ರವನ್ನು ಪಕ್ಕದಲ್ಲಿಟ್ಟು ಪರೀಕ್ಷಿಸಿದೆ. ಎರಡೂ ಒಂದೇ ಮಾತು ಹೇಳಿದವು. ಉಸ್ತಾದರು ಯಂತ್ರದ ಬೆನ್ನು ತಟ್ಟಿ, "ಚಲೋ ಅದ. ದಂಟಿನಷ್ಟು ಶಾಣ್ಯಾ ಅದ" ಎಂದರು.

ರೋಲರ್ ಸಿಕ್ಕಿದ್ದು ಮಾನ್ವಿಯಲ್ಲಿ. ಅಕ್ಕಿ ಗಿರಣಿಯ ಮಾಲಕರೊಬ್ಬರು ಭತ್ತದ ಹೊಟ್ಟು ಬಿಡಿಸುವ ಯಂತ್ರದ ಸವೆದ ರೋಲರನ್ನು ತೋರಿಸಿ, "ಹೆಂಗೂ ಗುಜರಿಗೆ ಹೋಗೂದು, ಒಯ್ರಿ. ಸರಿ ಆದ್ರ ಸುಗ್ಗಿಗೆ ತಂದು ಕೂಡಸ್ರಿ" ಎಂದರು. ಯಂತ್ರದ ಹಳೆಯ ನಕ್ಷೆಯನ್ನೂ ಕೊಟ್ಟರು. ನಕ್ಷೆಯ ಪ್ರಕಾರ ರೋಲರ್ ಒಳಗೆಲ್ಲ ಗಟ್ಟಿ. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕಾಲಸಂದಿಗೆ ಇಟ್ಟುಕೊಂಡೆ. ತಿರುವಿನಲ್ಲಿ ಅದು ಉರುಳಿ ಮುಂದಿನವರ ಹಿಮ್ಮಡಿಗೆ ತಾಗಿದಾಗ ಕಂಡಕ್ಟರು, "ನಿಮ್ಮ ಕೂಸಿನ್ನ ಸ್ವಲ್ಪ ಹಿಡ್ಕೊಳ್ರಿ" ಎಂದ.

ಮರುದಿನ ಬೆಳಿಗ್ಗೆ ಉಸ್ತಾದರು ಎಂದಿನಂತೆ ಸುತ್ತಿಗೆ ಎತ್ತಿದರು. ನನಗೆ ಅವಸರ. ನಕ್ಷೆ ಬಿಡಿಸಿ ಅವರ ಮುಂದೆ ಹಿಡಿದೆ. "ಬಡಿಯೋದು ಬ್ಯಾಡ್ರಿ ಉಸ್ತಾದ್. ಗಟ್ಟಿ ಅದ ಅಂತ ಇಲ್ಲೇ ಬರದಾರ."

ತಮಗೆ ಓದಲು ಬಾರದ ಆ ಕಾಗದವನ್ನು ಅವರು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಮಡಿಕೆ ಕೆಡದಂತೆ ಮಡಚಿ ಹಿಂದಕ್ಕೆ ಕೊಟ್ಟರು. "ಕಾಗದದಾಗ ಅದ ಅಂದ್ರ ಮುಗೀತಲ್ರಿ, ಪ್ರೊಫೆಸರ್ ಸಾಬ್." ಸುತ್ತಿಗೆ ಗೂಟಕ್ಕೆ ಹೋಯಿತು.

ಇದ್ದಿಲು ತುಂಬಿದ ಕುಣಿಯಲ್ಲಿ ರೋಲರನ್ನು ಒಂದು ತುದಿ ಮೇಲಕ್ಕಿರುವಂತೆ ಓರೆಯಾಗಿ ಮಲಗಿಸಿ ಬೆಂಕಿ ಹಚ್ಚಿದೆವು. ಬಹಳ ಹೊತ್ತಿನ ಮೇಲೆ ಉಸ್ತಾದರು ಆ ತುದಿಯ ನೇರಕ್ಕೆ ಕುಕ್ಕರುಗಾಲಲ್ಲಿ ಕೂತು ದಂಟು ಚಾಚಿದರು. ದಂಟು ಮುರಿದು ಬಿತ್ತು. "ಹತ್ ಇದರ" ಎನ್ನುತ್ತ ಅದನ್ನು ಎತ್ತಿಕೊಳ್ಳಲು ಪಕ್ಕಕ್ಕೆ ಬಾಗಿದರು.

ಸದ್ದು ನನಗೆ ನೆನಪಿಲ್ಲ. ಅಂಗಳದ ತುಂಬ ಕೆಂಡ ಚೆಲ್ಲಿತ್ತು. ಹಿಂದಿನ ತಗಡಿನ ಗೋಡೆಯಲ್ಲಿ, ಉಸ್ತಾದರ ತಲೆ ಈಗಷ್ಟೇ ಇದ್ದ ಎತ್ತರದಲ್ಲಿ, ಒಂದು ದುಂಡನೆಯ ತೂತು. ಅದರೊಳಗಿಂದ ಬಿಸಿಲು ಬರುತ್ತಿತ್ತು.

ರೋಲರ್ ಪೊಳ್ಳಾಗಿತ್ತು. ಗಿರಣಿಯಲ್ಲಿ ಯಾವ ಕಾಲದಲ್ಲೋ ಮೂಲ ರೋಲರಿನ ಬದಲು ಬೇರೊಂದನ್ನು ಎರಕ ಹೊಯ್ಸಿ, ತುದಿಗೆ ಕಬ್ಬಿಣದ ಬಿರಡೆ ಬಡಿದು, ಗುರುತೇ ಕಾಣದಂತೆ ಉಜ್ಜಿಬಿಟ್ಟಿದ್ದರು. ಬಿರಡೆಯ ಸುತ್ತಲಿನ ಕೂದಲೆಳೆಯಂಥ ಬಿರುಕಿನಲ್ಲಿ ಒಳಗಿಳಿದಿದ್ದ ನೀರು ಕಾದು ಆವಿಯಾಗಿ ಆ ಬಿರಡೆಯನ್ನು ಗುಂಡಿನಂತೆ ಹಾರಿಸಿತ್ತು.

ಮೊದಲು ಮಾತಾಡಿದ್ದು ಗೇಟಿನ ಹತ್ತಿರ ಶೇಂಗಾ ಮಾರುವ ಅಜ್ಜಿ. "ಏನ್ರಪಾ, ದೀಪಾವಳಿಗೆ ಇನ್ನಾ ಎರಡು ತಿಂಗಳ ಅದ."

"ನಿನ್ನ ಶೇಂಗಾ ಹುರಿದು ಕೊಡೋಣು ಅಂತ ಮಾಡಿದ್ವಿ, ಯವ್ವಾ" ಎಂದರು ಉಸ್ತಾದರು. ಕೈಯಲ್ಲಿದ್ದ ಅರ್ಧ ದಂಟನ್ನು ಕೆಂಡಕ್ಕೆ ಎಸೆದರು.

ಚಹಾ ಬಂತು. ಆ ದಂಟು ಗಟ್ಟಿಯಾಗಿದ್ದಿದ್ದರೆ? ಅಂದು ಅದನ್ನೇ ಯೋಚಿಸುತ್ತಿದ್ದೆ, ಇಂದಿಗೂ ಕೆಲವು ದಿನ ಅದನ್ನೇ ಯೋಚಿಸುತ್ತೇನೆ. ಪ್ರಬಂಧ ಮುಗಿಯಿತು, ಇನ್ನು ಈ ಅಂಗಳಕ್ಕೆ ನನ್ನನ್ನು ಯಾರು ಬಿಟ್ಟಾರು ಎನಿಸಿತು. ಅವರು ಹೇಳುವ ಮೊದಲು ನಾನೇ ಹೇಳಿದೆ. "ತಪ್ಪು ನಂದು ಉಸ್ತಾದ್. ನಾಳಿಂದ ಬರೂದಿಲ್ಲ."

"ಸುತ್ತಿಗಿ ಗೂಟಕ್ಕ ಹಾಕಿದವ ಯಾರ್ರಿ? ನಾನು. ನಲವತ್ತು ವರ್ಷದ ಕಿವಿ ಬಿಟ್ಟು ಕಾಗದ ನಂಬಿದೆ. ಅರ್ಧ ತಪ್ಪು ನಂದು, ಅದನ್ನೂ ನೀವಽ ಒಯ್ಯಾಕತ್ತೀರಲ್ಲ." ಚಹಾದ ಬಸಿ ಕೆಳಗಿಟ್ಟರು. "ಬರ್ರಿ. ಆದ್ರ ಬೆಂಕಿ ಹತ್ರ ಅಲ್ಲ. ಆ ಮೂಲ್ಯಾಗ ಕೂತು ಬಡೀರಿ. ಕಣ್ಣು ಮುಚ್ಚಿ ಪೊಳ್ಳು ಯಾವುದು ಹೇಳಿದ ದಿನ ನಿಮ್ಮ ರೋಲರ್ ಕಾಯಿಸೋಣು."

ಒಂದು ತಿಂಗಳು ಮೂಲೆಯ ಗುಜರಿ ರಾಶಿಯ ಮುಂದೆ ಕೂತು ಬಡಿದೆ. ಪೈಪನ್ನು ಗಟ್ಟಿ ಎಂದೆ, ಗಟ್ಟಿ ಸಲಾಕೆಯನ್ನು ಪೊಳ್ಳು ಎಂದೆ. "ಗುಡಿ ಗಂಟಿ ಬಡಿಯೋ ಪೂಜಾರಿಗೂ ಇಷ್ಟು ಕೆಲಸ ಇಲ್ಲ ಬಿಡಪಾ" ಎಂದಳು ಅಜ್ಜಿ. ಒಂದು ಮಧ್ಯಾಹ್ನ, ಕಣ್ಣು ಮುಚ್ಚಿ ಸಾಲಾಗಿ ಹತ್ತು ತುಂಡು ಸರಿ ಹೇಳಿದೆ. ಉಸ್ತಾದರು ಹೋಗಿ ಅದೇ ರೋಲರನ್ನು ಎತ್ತಿ ತಂದರು.

"ಇದಾ?" ಎಂದೆ.

"ಈಗ ಅದಕ್ಕ ಉಸಿರಾಡಾಕ ದಾರಿ ಆಗ್ಯದಲ್ರಿ."

ನಾನು ಆದರೂ ಬಡಿದು ನೋಡಿದೆ. ಬೆಸೆದು, ಬಿರುಕು ಬಿಡದಂತೆ ಭತ್ತದ ಹೊಟ್ಟಿನ ಬೂದಿಯಲ್ಲಿ ಎರಡು ದಿನ ಹೂತಿಟ್ಟು, ನಿಧಾನ ತಣ್ಣಗಾದ ಮೇಲೆ ಮಾನ್ವಿಗೆ ಒಯ್ದೆವು. ಆ ಸುಗ್ಗಿ ಪೂರ್ತಿ ಅದು ತಿರುಗಿತು. ಮಾರ್ಗದರ್ಶಕರು ಅದನ್ನು ಮೇಜಿನ ಅಂಚಿಗೆ ಸರಿಸಲಿಲ್ಲ.

ಡಾಕ್ಟರೇಟ್ ಬಂದಮೇಲೆ ಪೇಡೆ ಹಿಡಿದು ಅಂಗಳಕ್ಕೆ ಹೋದಾಗ ತಗಡಿನ ತೂತು ಹಾಗೆಯೇ ಇತ್ತು. "ಊರ ತೂತೆಲ್ಲ ಮುಚ್ತೀರಿ, ಇದನ್ಯಾಕ ಬಿಟ್ಟೀರಿ?" ಎಂದೆ.

"ಇರ್ಲಿ ಬಿಡ್ರಿ. ಅದರ ಬಿಸಿಲು ಸುತ್ತಿಗಿ ಗೂಟಕ್ಕ ಬಿತ್ತಂದ್ರ ಚಹಾದ ಹೊತ್ತು" ಎಂದರು ಉಸ್ತಾದರು, ಪೇಡೆಯ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಬೆರಳಿಂದ ಬಡಿಯುತ್ತ. "ಗಟ್ಟಿ ಅದ. ಬಿಚ್ರಿ."