ಬೈನಾಕ್ಯುಲರಿನಲ್ಲಿ ನಾನು ಕಾಣದ ಹಕ್ಕಿಗಳು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದರಲ್ಲಿ ಒಂದು ಕೊಡೆ, ಒಂದು ಕೈಚೀಲ, ಮತ್ತು ನನ್ನ ತಮ್ಮನ ಬೈನಾಕ್ಯುಲರ್ ತೂಗುತ್ತವೆ. ಬೈನಾಕ್ಯುಲರಿನ ಚರ್ಮದ ಪಟ್ಟಿ ಮೊದಲು ಅವನ ಕುತ್ತಿಗೆಯ ಬೆವರಿಗೆ ಕಪ್ಪಾಗಿ, ಆಮೇಲೆ ನನ್ನ ಒಗ್ಗರಣೆಯ ಹೊಗೆಗೆ ಇನ್ನಷ್ಟು ಕಪ್ಪಾಗಿ, ಈಗ ಮುಟ್ಟಿದರೆ ಹಳೇ ಹುಣಸೆಹಣ್ಣಿನ ಹಾಗೆ ಬೆರಳಿಗೆ ಅಂಟುತ್ತದೆ. ಮನೆಗೆ ಬಂದವರು ಇಂಥ ಸಾಮಾನನ್ನು ಬೀರುವಿನಲ್ಲಿಡಬಾರದೇ ಎಂದು ಕೇಳುತ್ತಾರೆ. ಬೀರುವಿನಲ್ಲಿಟ್ಟರೆ ನೆಮ್ಮದಿಯಾಗಿ ಮರೆತುಬಿಡುತ್ತೇನೆ. ಇಲ್ಲಿದ್ದರೆ ಉಪ್ಪಿನ ಭರಣಿಗೆ ಕೈ ಚಾಚಿದಾಗಲೆಲ್ಲ ಮೊಣಕೈಗೆ ತಗಲೀತು, ತಗಲಲಿ ಎಂದೇ ಇಲ್ಲಿ ನೇತುಹಾಕಿದ್ದು.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಕಾಗದ ಬರೆದು ಗೊತ್ತೇ ಹೊರತು ಹೀಗೆ ಕೂತು ಬರೆದವಳಲ್ಲ. ಆದ್ದರಿಂದ ನಿಮ್ಮನ್ನು ಪಕ್ಕದ ಮನೆಯವರೆಂದುಕೊಂಡು, ಜಗಲಿಯ ಮೇಲೆ ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೇವೆ ಎಂದುಕೊಂಡು ಹೇಳುತ್ತೇನೆ. ಕೈ ಕೆಲಸದಲ್ಲಿದ್ದರೆ, ಕಣ್ಣು ಕಾಯಿಯ ಮೇಲಿದ್ದರೆ, ಹೇಳಲಾರದ್ದನ್ನೂ ಹೇಳಿಬಿಡಬಹುದು.

ಗಂಡ ತೀರಿಕೊಂಡ ಮೇಲೆ ನಾನು ನಂಜನಗೂಡಿಗೆ, ನನ್ನ ತಮ್ಮ ಮಹದೇವನ ಮನೆಗೆ ಬಂದೆ. ಅದು ತೊಂಬತ್ತರ ದಶಕದ ಶುರು. ಅವನು ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ. ಅಕ್ಕ ಬಂದು ಮನೆಯಲ್ಲಿ ಕೂತ ಮೇಲೆ ತನ್ನ ಮದುವೆಯ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಬೇರೆಯೇ ಕಥೆ, ಅಥವಾ ಇದೇ ಕಥೆಯ ಇನ್ನೊಂದು ಮಗ್ಗುಲು. ಭಾನುವಾರ ಮಾತ್ರ ಅವನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮೂರಲ್ಲಿ ಹಕ್ಕಿ ನೋಡುವವರ ಒಂದು ಚಿಕ್ಕ ಗುಂಪಿತ್ತು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಲೆಕ್ಚರರೊಬ್ಬರು ಅದಕ್ಕೆ ಹಿರಿಯರು. ಮೆಡಿಕಲ್ ಸ್ಟೋರಿನ ಬಸವರಾಜು, ಒಬ್ಬಿಬ್ಬರು ಬ್ಯಾಂಕಿನವರು, ನನ್ನ ತಮ್ಮ. ಹದಿನಾರು ಎಂಬ ಹಳ್ಳಿಯ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನೋ, ಹುಲ್ಲಹಳ್ಳಿಯ ನಾಲೆ ಬಯಲಿನ ಕೊಕ್ಕರೆಗಳನ್ನೋ ನೋಡಲು ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದರು.

"ನೀನೂ ಬಾಕ್ಕ. ಮನೇಲಿ ಒಬ್ಳೇ ಗ್ವಾಡೆ ನೋಡ್ಕಂಡು ಕೂತ್ಕಳದ್ಕಿಂತ ಹಕ್ಕಿನಾದ್ರೂ ನೋಡೀಯೆ" ಎಂದು ಅವನು ಒಂದು ಭಾನುವಾರ ನನ್ನನ್ನೂ ಹೊರಡಿಸಿದ. ನಾನು ಎಲ್ಲರಿಗೂ ಆಗುವಷ್ಟು ಪುಳಿಯೋಗರೆ ಕಲಸಿಕೊಂಡು ಹೋದೆ. ಆಮೇಲೆ ಅದೇ ರೂಢಿಯಾಯಿತು. ಗುಂಪಿನವರಿಗೆಲ್ಲ ನಾನು ಅಕ್ಕಯ್ಯನಾದೆ.

ಬೈನಾಕ್ಯುಲರ್ ಅನ್ನು ಅವನು ನನ್ನ ಕೈಗೆ ಕೊಟ್ಟ ಮೊದಲ ದಿನ ನೆನಪಿದೆ. ಕಣ್ಣಿಗಿಟ್ಟುಕೊಂಡೆ. ಕಂಡದ್ದು ಕತ್ತಲೆಯ ಎರಡು ಬಾವಿ, ಅವುಗಳ ಅಂಚಿನಲ್ಲಿ ತುಂಡು ತುಂಡು ಬೆಳಕು, ನಡುವೆ ನನ್ನದೇ ರೆಪ್ಪೆಯ ಕೂದಲು. ಅವನು ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿದು, "ಕಾಣ್ತಾ? ಕಾಣ್ತಾಕ್ಕ?" ಎಂದು ಕೇಳುತ್ತಿದ್ದ. ಆ ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ, ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಕಾಣ್ತು ಕಣೋ" ಎಂದೆ. ಅವನ ಮುಖ ಅರಳಿತು. ಅಲ್ಲಿಂದ ಎಷ್ಟೋ ಭಾನುವಾರ, ಎಷ್ಟೋ ಹಕ್ಕಿ, ನನಗೆ ಒಂದೂ ಕಾಣಲಿಲ್ಲ, ಎಲ್ಲವೂ ಕಾಣ್ತು.

ನಗಬೇಡಿ. ಅಥವಾ ನಕ್ಕುಬಿಡಿ, ಆದರೆ ಆಮೇಲೆ ನಿಮ್ಮ ಮದುವೆಯನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ. ಹಾಡಹಗಲಿನಲ್ಲಿ ಪುರೋಹಿತರು ಮಂಟಪದ ಹೊರಗೆ ಕರೆದುಕೊಂಡು ಹೋಗಿ, ಉರಿಬಿಸಿಲಿನ ಆಕಾಶಕ್ಕೆ ಬೆರಳು ತೋರಿಸಿ, ಅಗೋ ಅರುಂಧತಿ ನಕ್ಷತ್ರ, ಕಾಣಿಸಿತೇ ಎನ್ನುತ್ತಾರೆ. ಕಾಣಲಿಲ್ಲ ಎಂದ ಹೆಣ್ಣನ್ನು ನಾನಂತೂ ನೋಡಿಲ್ಲ. ನಾನೂ ಕಣ್ಣು ಕಿರಿದು ಮಾಡಿ, ಕಾಣಿಸಿತು ಎಂದು ತಲೆಯಾಡಿಸಿದೆ. ಸುತ್ತ ನಿಂತ ಹಿರಿಯರಿಗೆಲ್ಲ ಸಮಾಧಾನವಾಯಿತು. ಹೆಣ್ಣುಮಕ್ಕಳ ಸಂಸಾರ ಅಲ್ಲಿಂದ ಶುರುವಾಗುತ್ತದೆ, ಎದುರಿಗಿರುವವರ ಮುಖ ಬಾಡದಿರಲೆಂದು ಇಲ್ಲದ್ದನ್ನು ಇದೆ ಎನ್ನುವುದರಿಂದ. ಸೌಟು ಹಿಡಿಯುವಷ್ಟೇ ಸಲೀಸಾಗಿ ನಾನು ಆ ಮಾತನ್ನು ಹಿಡಿದಿದ್ದೆ. ಅದನ್ನು ಸುಳ್ಳು ಎಂದು ಎಂದೂ ಎಣಿಸಿರಲಿಲ್ಲ.

ಒಂದು ಭಾನುವಾರ ಹುಲ್ಲಹಳ್ಳಿಯ ಗದ್ದೆ ಬಯಲಿನಲ್ಲಿ ಲೆಕ್ಚರರು ಮೂರು ಕಾಲಿನ ಮೇಲೆ ತಮ್ಮ ಟೆಲಿಸ್ಕೋಪ್ ನಿಲ್ಲಿಸಿ ಎಲ್ಲರಿಗೂ ಸರದಿಯಲ್ಲಿ ಒಂದು ಹಕ್ಕಿ ತೋರಿಸುತ್ತಿದ್ದರು. ನಡುವೆ ನಾಲ್ಕು ಹನಿ ಬಿತ್ತು. ಅವರು ಅದರ ಮೂತಿಗೆ ಮುಚ್ಚಳ ಹಾಕಿದ್ದು ನನ್ನ ಗಮನಕ್ಕೆ ಬರಲಿಲ್ಲ. ಹನಿ ನಿಂತಿತು. ಬಸವರಾಜು, "ಬನ್ನಿ ಅಕ್ಕಯ್ಯ, ನಿಮ್ದೊಂದ್ ಬಾಕಿ" ಎಂದು ಕರೆದರು. ನಾನು ಬಗ್ಗಿದೆ. ಎಂದಿನಂತೆ ಕತ್ತಲೆ.

"ಕಾಣ್ತಾ?"

"ಕಾಣ್ತು ಸಾ. ಎಷ್ಟ್ ಚೆನ್ನಾಗದೆ!"

ಬಸವರಾಜು ಟೆಲಿಸ್ಕೋಪಿನ ಮುಚ್ಚಳ ತೆಗೆದು ಅಂಗೈ ಮೇಲೆ ಇಟ್ಟುಕೊಂಡು, "ಇದ್ರ ಮ್ಯಾಲೇ ಕೂತಿತ್ತಾ ಅಕ್ಕಯ್ಯ ಹಕ್ಕಿ?" ಎಂದರು. ಬಯಲೆಲ್ಲ ನಗು. ಅವರು ಕೆಟ್ಟವರಲ್ಲ, ಅಂಥ ಮಾತು ಬಾಯಿಗೆ ಬಂದರೆ ಯಾರು ಬಿಡುತ್ತಾರೆ? ಲೆಕ್ಚರರೂ ಕರ್ಚೀಫು ಬಾಯಿಗಿಟ್ಟುಕೊಂಡು ನಕ್ಕರು. ನಗದೆ ಇದ್ದವನು ನನ್ನ ತಮ್ಮ ಒಬ್ಬನೇ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದ: "ಕಾಣ್ದಿದ್ರೆ ಕಾಣ್ಲಿಲ್ಲ ಅನ್ನಕ್ಕ. ಅದ್ರಲ್ಲಿ ಯೋನದೆ? ಯಾರೂ ಯೋನೂ ಅನ್ಕಳಲ್ಲ."

ಅದಾದ ಮೇಲೆ ನಾನು ಬೈನಾಕ್ಯುಲರ್ ಮುಟ್ಟಲಿಲ್ಲ. ಪುಳಿಯೋಗರೆ ಡಬ್ಬಿ ಹಿಡಿದು ಹೋಗುತ್ತಿದ್ದೆ, ಡಬ್ಬಿ ತೊಳೆದುಕೊಂಡು ಬರುತ್ತಿದ್ದೆ.

ಬೇಸಿಗೆ ಶುರುವಾದಾಗ ಗುಂಪು ನರಸೀಪುರಕ್ಕೆ ಹೊರಟಿತು. ಕಾವೇರಿಯೂ ನಮ್ಮ ಕಪಿಲೆಯೂ ಕೂಡುವಲ್ಲಿ ಹೊಳೆ ಇಳಿದು, ಮರಳಿನ ದಿಬ್ಬಗಳು ಎದ್ದಿದ್ದವು. ಮಿಕ್ಕವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿಗೆ ನಿಂತರು. ನನ್ನ ತಮ್ಮ ತಾಳಲಾರದೆ ಮುಂದೆ ನಡೆದ, ಅವನ ಹಿಂದೆ ನಾನು. ಹೊಳೆಗಿಳಿಯುವ ಮೆಟ್ಟಿಲ ಕೊನೆಯಲ್ಲಿ ಡಬ್ಬಿ ಇಟ್ಟು ಕೂತೆ. ನೀರು ಕನ್ನಡಿಯ ಹಾಗೆ ನಿಂತಿತ್ತು.

ಆಗ ಅದು ಬಂತು. ಮೇಲೆ ಕಪ್ಪು, ಕೆಳಗೆ ಬಿಳಿ, ಕೆಂಡದ ಬಣ್ಣದ ಕೊಕ್ಕು. ನೀರಿಗೆ ಎದೆ ತಾಗಿತೇನೋ ಎಂಬಷ್ಟು ಕೆಳಗೆ ಹಾರುತ್ತಾ, ಬಾಯಿ ತೆರೆದು, ಕೊಕ್ಕಿನ ಕೆಳಗಿನ ಭಾಗವನ್ನು ಮಾತ್ರ ನೀರಿಗೆ ಅದ್ದಿ, ದರ್ಜಿಯವನು ಹೊಸ ಬಟ್ಟೆಯ ಮೇಲೆ ಕತ್ತರಿ ಓಡಿಸಿದ ಹಾಗೆ ಹೊಳೆಯನ್ನು ಉದ್ದಕ್ಕೆ ಸೀಳಿಕೊಂಡು ಹೋಯಿತು. ಹಿಂದೆ ಒಂದು ಗೆರೆ ಉಳಿಯಿತು. ಗೆರೆ ಮುಚ್ಚಿಕೊಳ್ಳುವ ಮೊದಲೇ ತಿರುಗಿ ಬಂದು ಇನ್ನೊಂದು ಎಳೆಯಿತು. ಅಷ್ಟೂ ಭಾನುವಾರಗಳಲ್ಲಿ ಬೈನಾಕ್ಯುಲರ್ ಇಲ್ಲದೆ, ಯಾರೂ ತೋರಿಸದೆ, ನನ್ನ ಬರಿಗಣ್ಣಿಗೆ ಕಂಡ ಮೊದಲನೇ ಹಕ್ಕಿ ಅದು.

ನನ್ನ ತಮ್ಮ ಬೈನಾಕ್ಯುಲರ್ ಇಳಿಸದೆಯೇ ನನ್ನ ಭುಜ ಹಿಡಿದುಕೊಂಡ. "ಅಕ್ಕ, ಸ್ಕಿಮ್ಮರ್ ಕಣಕ್ಕ! ನಮ್ ಕಡೆ ಬರೋ ಹಕ್ಕಿಯಲ್ಲ ಇದು. ಕಾಣ್ತಾ? ಕಾಣ್ತಾಕ್ಕ?"

"ಕಾಣ್ತು ಕಣೋ" ಎಂದೆ. ಅದೇ ಮಾತು. ನಿಜಕ್ಕೆಂದು ಬೇರೆ ಮಾತನ್ನು ನಾನು ಉಳಿಸಿಕೊಂಡಿರಲಿಲ್ಲ.

ಗುಂಪಿನವರು ಬರುವ ಹೊತ್ತಿಗೆ ಹಕ್ಕಿ ಕೆಳಗಣ ಹೊಳೆಯತ್ತ ತಿರುಗಿ ಮರೆಯಾಗಿತ್ತು. ಬಹಳ ಹೊತ್ತು ಕಾದರು. ಆ ಗುಂಪಿನಲ್ಲಿ ಒಂದು ಕಟ್ಟುಪಾಡಿತ್ತು: ಈ ಸೀಮೆಗೆ ಹೊಸದಾದ ಹಕ್ಕಿ ಕಂಡೆನೆಂದು ಒಬ್ಬರು ಹೇಳಿದರೆ ಸಾಲದು, ಜೊತೆಯಲ್ಲಿದ್ದ ಇನ್ನೊಬ್ಬರೂ ನೋಡಿದ್ದೇನೆ ಎನ್ನಬೇಕು, ಆಗಲೇ ಅದು ಬಂದದ್ದು ಲೆಕ್ಕ. ಲೆಕ್ಚರರು ನಿಧಾನವಾಗಿ, ನೋಯಿಸದಂತೆ ಹೇಳಿದರು: "ಮಹದೇವ, ಇಲ್ಲಿ ಯಾರೂ ಅದನ್ನ ನೋಡಿಲ್ಲಪ್ಪ. ಟರ್ನ್ ಇರಬೇಕು." ಟರ್ನ್ ಎಂದರೆ ನಮ್ಮ ಹೊಳೆಯ ಮೇಲೆ ದಿನವೂ ಹಾರುವ, ಹಳದಿ ಕೊಕ್ಕಿನ ಬಿಳಿ ಹಕ್ಕಿ.

"ಇಲ್ಲ ಸಾ, ಕೊಕ್ಕ ನೀರಲ್ಲಿ ಅದ್ಕಂಡು ಹಾರ್ತಿತ್ತು. ನಮ್ಮಕ್ಕನೂ ನೋಡವ್ಳೆ. ಕೇಳಿ ಬೇಕಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಬಸವರಾಜು ನಗೆಯನ್ನು ತುಟಿಯಲ್ಲೇ ಹಿಡಿದುಕೊಂಡು, "ಮುಚ್ಚಳ ತೆಗೆದಿದ್ರಾ ಅಕ್ಕಯ್ಯ?" ಎಂದರು. ಹಿಂದಿನಿಂದ ಯಾರೋ ಕಿಸಕ್ಕೆಂದರು.

ಕಂಡದ್ದನ್ನು ಹೇಳಲು ನನಗೆ ಓದು ಬೇಕಿರಲಿಲ್ಲ. ಕಪ್ಪು, ಬಿಳಿ, ಕೆಂಡ, ಕತ್ತರಿ, ಇಷ್ಟು ಹೇಳಿದ್ದರೆ ಸಾಕಿತ್ತು. ಲೆಕ್ಚರರು ಕೈಮುಗಿದು ಒಪ್ಪುತ್ತಿದ್ದರು. ಆದರೆ ನನ್ನ ಕಿವಿಯಲ್ಲಿ ಹುಲ್ಲಹಳ್ಳಿಯ ಬಯಲಿನ ನಗು ಎದ್ದಿತು, ಕೆನ್ನೆ ಬಿಸಿಯಾಯಿತು. ಇನ್ನೊಮ್ಮೆ ಆ ನಗೆಯ ನಡುವೆ ನಿಲ್ಲಲಾರೆ ಎನ್ನಿಸಿತು.

"ನಂಗೇನೂ ಕಾಣ್ಲಿಲ್ಲ ಸಾ. ನಾನು ಡಬ್ಬಿ ಕಡೆ ನೋಡ್ತಿದ್ದೆ" ಎಂದೆ.

ತಮ್ಮ ನನ್ನನ್ನೇ ನೋಡಿದ. ಆಮೇಲೆ ಹೊಳೆಯನ್ನು ನೋಡಿದ. ಅಲ್ಲಿ ಗೆರೆಯಾದರೂ ಉಳಿದಿರಬಾರದೇ ಎಂದು ನಾನೂ ನೋಡಿದೆ. ನೀರು ನೀರಾಗಿತ್ತು. "ಟರ್ನೇ ಇರ್ಬೋದು ಸಾ" ಎಂದ ಅವನು. ಎಲ್ಲರೂ ಕೂತು ಪುಳಿಯೋಗರೆ ತಿಂದರು, ಚೆನ್ನಾಗಿದೆ ಎಂದರು.

ಅವನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಅವನು ನನ್ನ ಕೈ ಮೇಲೆ ಕೈಯಿಟ್ಟು, "ಬ್ಯಾಜಾರ್ ಮಾಡ್ಕಬ್ಯಾಡಕ್ಕ. ನಿಜ ಹೇಳ್ದಲ್ಲ, ಅದೇ ಸರಿ. ನಾನೇ ಹೇಳ್ಕೊಟ್ಟಿದ್ನಲ್ಲ" ಎಂದ. ತನ್ನ ಬಳಿ ನಾನು ಹೇಳಿದ್ದೇ ಹಳೇ ರೂಢಿಯ ಸುಳ್ಳು, ಎಲ್ಲರೆದುರು ಹೇಳಿದ್ದೇ ನಿಜ ಎಂದು ಅವನು ತಿಳಿದುಕೊಂಡಿದ್ದ. ಮಾಡದ ತಪ್ಪಿಗೆ ಕ್ಷಮೆ ಕೊಟ್ಟು, ಮಾಡಿದ ತಪ್ಪಿಗೆ ನನ್ನನ್ನು ಮೆಚ್ಚಿಕೊಂಡ. ಆ ಮೆಚ್ಚುಗೆಯನ್ನು ನಾನು ತೆಗೆದುಕೊಂಡೆ. ನನ್ನ ನಿಜವಾದ ಪಾಪ ಬಹುಶಃ ಹೊಳೆಯ ದಡದ್ದಲ್ಲ, ಆ ಬಸ್ಸಿನದು.

ಆಮೇಲೆಯೂ ಕೆಲವು ಭಾನುವಾರ ಅವನು ಹೋದ. ಆದರೆ ಕಣ್ಣೆದುರೇ ಕೂತ ಮಿಂಚುಳ್ಳಿಗೂ "ಇರ್ಬೋದು" ಎನ್ನುತ್ತಿದ್ದ. ಕಾಗೆಯ ವಿಷಯದಲ್ಲೂ ಬೇರೆಯವರ ಮುಖ ನೋಡಿ ಮಾತಾಡುತ್ತಿದ್ದ. ಬರಬರುತ್ತಾ ಭಾನುವಾರ ಸ್ಕೂಲಿನ ಕೆಲಸವಿದೆ ಎನ್ನತೊಡಗಿದ. ಲೆಕ್ಚರರಿಗೆ ವರ್ಗವಾಯಿತು, ಗುಂಪು ತಾನಾಗಿ ಕರಗಿತು. ಎಷ್ಟೋ ಸಂಜೆ ಅವನ ತಟ್ಟೆಗೆ ಸಾರು ಬಡಿಸುತ್ತಾ ಇವತ್ತು ಹೇಳಿಬಿಡೋಣ ಎಂದುಕೊಂಡಿದ್ದೇನೆ. ಸಾರು ಬಡಿಸಿ ಒಳಗೆ ಹೋಗಿದ್ದೇನೆ. ಈಗ ಹೊಸ ಹುಡುಗರು ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತು ಕೆರೆ ಏರಿಗಳ ಮೇಲೆ ತಿರುಗುತ್ತಾರೆ. ಅವರಿಗೆ ಅಕ್ಕಂದಿರ ಸಾಕ್ಷಿ ಬೇಕಿಲ್ಲ. ಪುಣ್ಯವಂತರು.

ಎರಡು ಸಾವಿರದ ಇಸವಿಯ ಆಚೆಗೆ ಅವನಿಗೆ ಲಿವರಿನ ಕಾಯಿಲೆಯಾಗಿ ಆಸ್ಪತ್ರೆ ಸೇರಿದ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಕಿಟಕಿಯಾಚೆ ಯಾವುದೋ ಹಕ್ಕಿ ಕೂಗಿತು. ಅವನು ಅದನ್ನು ಗುರುತು ಹಿಡಿಯಲು ಹೋಗಲಿಲ್ಲ. "ಅಕ್ಕ, ಅವತ್ತು ನರಸೀಪುರದಲ್ಲಿ ನಾನು ನೋಡಿದ್ದು ಟರ್ನೇ ಇರ್ಬೇಕು ಅಲ್ವಾ? ಆಸೆಗೆ ಹಂಗ್ ಕಂಡದೆ" ಎಂದ.

ನಾನು ಬಟ್ಟಲು ಕೆಳಗಿಟ್ಟೆ. "ಇಲ್ಲ ಕಣೋ ಮಾದು. ನಂಗೂ ಕಾಣ್ತು. ಕೆಂಪು ಕೊಕ್ಕು. ನೀರು ಸೀಳ್ಕಂಡು ಹೋಯ್ತು" ಎಂದೆ.

ಅವನು ನಕ್ಕ. ಬಹಳ ದಿನದ ಮೇಲೆ ಅವನ ಮುಖದಲ್ಲಿ ನಗು ನೋಡಿದೆ. "ನೀ ಬುಡಕ್ಕ. ನಿಂಗೆ ಎಲ್ಲಾನೂ ಕಾಣ್ತದೆ" ಎಂದು ನನ್ನ ಕೈ ತಟ್ಟಿ ಕಣ್ಣು ಮುಚ್ಚಿಕೊಂಡ. ಕೆಂಪು ಕೊಕ್ಕನ್ನು ನಾನು ಅವನ ಬಾಯಿಂದಲೇ ಕೇಳಿ ಕಲಿತಿದ್ದೆನೆಂದು ಅವನು ತಿಳಿದುಕೊಂಡಿರಬೇಕು. ಪ್ರಮಾಣ ಮಾಡಿ ಹೇಳಲು ಹೋದೆ, ಅವನಿಗೆ ಸುಸ್ತಾಗಿತ್ತು. ಆ ವಾರವೇ ಹೋಗಿಬಿಟ್ಟ.

ಮೊನ್ನೆ ಬಸವರಾಜು ಮನೆಗೆ ಬಂದಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಅವರಿಗೂ ಹೇಳಿದೆ, ಆ ದಿನ ನಾನು ನೋಡಿದ್ದೆ ಎಂದು. "ಇರ್ಲಿ ಬುಡಿ ಅಕ್ಕಯ್ಯ. ತಮ್ಮ ಹೋದ್ಮೇಲೆ ಹಂಗೇ ಅನ್ಸದು" ಎಂದು ನನ್ನನ್ನು ಸಮಾಧಾನ ಮಾಡಿದರು. ಆಮೇಲೆ ಮೊಳೆಯಿಂದ ಬೈನಾಕ್ಯುಲರ್ ಇಳಿಸಿ, ಸೆರಗಿನಿಂದ ಒರೆಸಿಕೊಡಿ ಎಂದು ನನ್ನ ಕೈಗೆ ಕೊಟ್ಟು, ನಾನು ಒರೆಸಿ ಒಮ್ಮೆ ಕಣ್ಣಿಗಿಟ್ಟ ರೀತಿ ನೋಡಿ ಬೆರಗಾದರು. "ಅಯ್ಯೋ, ಇದನ್ನ ನಡುವೆ ಹಿಂಗೆ ಮಡಚ್ಬೇಕು. ನಿಮ್ದು ಸಣ್ಣ ಮುಖ, ಕಣ್ಣು ಹತ್ತಿರ ಹತ್ತಿರ ಅವೆ. ಇಷ್ಟು ವರ್ಷ ಯಾರೂ ಹೇಳ್ಕೊಡ್ಲಿಲ್ವಾ?" ಎಂದು ಎರಡೂ ಕೊಳವೆಗಳನ್ನು ಒತ್ತಿ ಹತ್ತಿರ ತಂದರು. ಯಾರು ಹೇಳಿಕೊಡುತ್ತಾರೆ, ಕಾಣ್ತು ಎನ್ನುವವಳಿಗೆ? ಎರಡು ಬಾವಿ ಒಂದಾದವು. ದುಂಡಗಿನ ಬೆಳಕಿನಲ್ಲಿ ಹಿತ್ತಲ ಬೇವಿನ ಮರ, ಕೊಂಬೆಯ ಮೇಲೆ ಕಾಗೆ, ಅದರ ಕಣ್ಣಿನ ಮಿಣುಕು ಕೂಡ.

"ಕಾಣ್ತಾ?" ಎಂದರು ಬಸವರಾಜು. ನಾನು ಅದನ್ನು ಇಳಿಸಿಟ್ಟು, ಅವರಿಗೆ ಕಾಫಿಗಿಡಲು ಹೋದೆ.

ಅವರು ಹೋದ ಮೇಲೆ ಅದನ್ನು ಮೊಳೆಗೆ ಹಾಕಲು ಹೋದಾಗ ತಟ್ಟನೆ ಹೊಳೆಯಿತು. ಅಷ್ಟು ದಿನ ಆ ಕೊಳವೆಗಳ ನಡುವೆ ಇದ್ದದ್ದು ನನ್ನ ತಮ್ಮನ ಎರಡು ಕಣ್ಣುಗಳ ನಡುವಿನ ಅಂತರ. ಅವನ ಅಳತೆಯೆಂದು ಈ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ. ಮೊದಲಿನಂತೆ ಅಗಲಿಸಲು ನೋಡಿದೆ. ಅದು ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಅವನು ಎಲ್ಲಿಗೆ ನಿಲ್ಲಿಸಿದ್ದನೋ ನನಗೆ ಗೊತ್ತಿಲ್ಲ. ಎಷ್ಟೋ ಹೊತ್ತು ಅಗಲಿಸಿ, ಕೂಡಿಸಿ, ಕೊನೆಗೆ ಹಾಗೆಯೇ ನೇತುಹಾಕಿದೆ.

ಈಗ ಅದು ಮೊದಲಿಗಿಂತ ಸ್ವಲ್ಪ ಕಿರಿದು. ಉಪ್ಪಿನ ಭರಣಿಗೆ ಕೈ ಚಾಚಿದರೆ ಮೊಣಕೈಗೆ ತಗಲುವುದಿಲ್ಲ.