ಎತ್ತಿಕೊಳ್ಳದ ದೊಡ್ಡಮ್ಮ

ಅಕ್ಕ ಆಕಾಶದಿಂದ ಇಳಿದು, ಬಾಹ್ಯಾಕಾಶ ಕೇಂದ್ರದ ಆಸ್ಪತ್ರೆಯಲ್ಲಿ ನಡೆಯುವುದನ್ನು ಮತ್ತೆ ಕಲಿತು, ಕೊನೆಗೂ ಮನೆಗೆ ಬಂದ ದಿನ ಬಾಗಿಲು ತೆಗೆದದ್ದು ಅವಳನ್ನು ನೋಡಲೆಂದು ತವರಿಗೆ ಬಂದಿದ್ದ ತಂಗಿ. ತಂಗಿಯ ತೋಳಿನಲ್ಲಿ ಮಗುವಿತ್ತು. ಅಕ್ಕ ಮೇಲಿದ್ದಾಗ ಹುಟ್ಟಿದ ಮಗು ಅದು. ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದಳು, ಮುಟ್ಟಿರಲಿಲ್ಲ. ತಂಗಿ ತೋಳು ಮುಂದೆ ಚಾಚಿದಳು. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನೂ ಕೈ ತೊಳೆದಿಲ್ಲ ಎಂದಳು.

ಕೈ ತೊಳೆದ ಮೇಲೆ ಸುಸ್ತು ಎಂದಳು. ಮರುದಿನ ಶೀತ ಎಂದಳು. ಶೀತ ಇರಲಿಲ್ಲ.

ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ ಅವಳು. ಅಪ್ಪನದು ಬೀಗ ರಿಪೇರಿಯ ಅಂಗಡಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು ಇಕ್ಕಟ್ಟು. ಶಾಲೆ ಬಿಟ್ಟ ಮೇಲೆ ಅವಳು ಅಲ್ಲಿಯೇ ಕೂತು ಕೀಲಿಗಳಿಗೆ ಅರ ಹಾಕುತ್ತಿದ್ದಳು. ಬೀಗ ಮಾಡುವವನು ಕಳ್ಳನಿಗಿಂತ ಒಂದು ದಿನ ಮುಂಚೆ ಯೋಚಿಸಬೇಕು ಎಂದು ಅಪ್ಪ ಹೇಳುತ್ತಿದ್ದರು. ಆ ಮಾತನ್ನು ಅವಳು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ಓದಿ ಇಂಜಿನಿಯರ್ ಆದಳು. ಬಾಹ್ಯಾಕಾಶ ಕೇಂದ್ರದಲ್ಲಿ ಅವಳಿಗೆ ಸಿಕ್ಕಿದ್ದು ನೌಕೆಯ ಬಾಗಿಲಿನ ಚಿಲಕದ ಕೆಲಸ. ಮೊದಲ ಚಿಲಕ ಶೀತಲ ಕೋಣೆಯ ಪರೀಕ್ಷೆಯಲ್ಲಿ ಕಚ್ಚಿಕೊಂಡು ಕೂತುಬಿಟ್ಟಿತು. ಯಾರೂ ಬೈಯಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಮೆಟ್ಟಿಲ ಸಂದಿಯಲ್ಲಿ ನಿಂತು ಅತ್ತು, ಮುಖ ತೊಳೆದುಕೊಂಡು ಬಂದು, ಹೊಸದಾಗಿ ನಕ್ಷೆ ಹಾಕಲು ಕೂತಳು. ಎರಡನೆಯ ಚಿಲಕ ಎಂಥ ಚಳಿಗೂ ಜಗ್ಗಲಿಲ್ಲ.

ಗಗನಯಾತ್ರಿಗಳು ಬೇಕಾಗಿದ್ದಾರೆ ಎಂದು ಕೇಂದ್ರ ಕೇಳಿದಾಗ ಮನೆಯಲ್ಲಿ ಹೇಳದೆ ಮುಂದೆ ಬಂದಳು. ಆಯ್ಕೆಯಾದ ಮೇಲೆಯೇ ಬಾಯಿಬಿಟ್ಟದ್ದು. ಅಮ್ಮನ ಮುಖ ಕಪ್ಪಿಟ್ಟಿತು.

"ನೀನು ಮಾಡಿದ ಬಾಗಿಲು ಅಷ್ಟು ಗಟ್ಟಿ ಇದ್ರೆ ಬೇರೆಯವರು ಹೋಗಲಿ" ಎಂದರು ಅಮ್ಮ.

"ನನ್ನ ಬಾಗಿಲ ಹಿಂದೆ ಬೇರೆಯವರನ್ನ ಕೂರಿಸಿ ನಾನಿಲ್ಲಿ ಹೇಗಮ್ಮ ನಿದ್ದೆ ಮಾಡ್ಲಿ?"

ಅಂದಿನಿಂದ ಅಮ್ಮ ಜೀವ ಕೈಯಲ್ಲಿ ಹಿಡಿದುಕೊಂಡೇ ಬದುಕಿದರು. ತರಬೇತಿಯಲ್ಲಿ ಗಿರಗಿರ ತಿರುಗುವ ಕುರ್ಚಿ, ನೀರಿನ ಕೊಳದೊಳಗೆ ಮುಳುಗಿ ಮಾಡುವ ಕೆಲಸ, ಇವುಗಳ ಸುದ್ದಿ ಕೇಳಿದಾಗಲೆಲ್ಲ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ. ಅಪ್ಪ ಮಾತ್ರ ಅಂಗಡಿಗೆ ಬಂದವರಿಗೆಲ್ಲ ಮಗಳ ಕೈಯ ಗುಣಗಾನ ಮಾಡುತ್ತಿದ್ದರು. ಆ ಕೈ ಹಿಡಿದದ್ದನ್ನು ಬಿಡುವುದಿಲ್ಲ ಎನ್ನುತ್ತಿದ್ದರು.

ಆದರೆ ಮೇಲೆ ಹೋದ ಕೈ ಬೇರೆಯದೇ ಪಾಠ ಕಲಿಯಿತು. ಅಲ್ಲಿ ಏನನ್ನೂ ಕೆಳಗಿಡಬೇಕಾಗಿಲ್ಲ. ಚಮಚ ಸಾಕೆನಿಸಿದರೆ ಬೆರಳು ಬಿಡಿಸಿದರಾಯಿತು, ಬಿಟ್ಟಲ್ಲಿಯೇ ತೇಲುತ್ತಿರುತ್ತದೆ. ಪೆನ್ನು, ಸ್ಕ್ರೂಡ್ರೈವರ್, ಹಲ್ಲುಜ್ಜುವ ಬ್ರಷ್ಷು ಎಲ್ಲಕ್ಕೂ ಅದೇ ನ್ಯಾಯ. ಹುಟ್ಟಿದಾಗಿನಿಂದ ಕಲಿತದ್ದನ್ನು ಕೈ ಕೆಲವೇ ತಿಂಗಳಲ್ಲಿ ಮರೆಯಿತು.

ಇಳಿದು ಬಂದ ಮೇಲೆ, ಆಸ್ಪತ್ರೆಯಲ್ಲಿ ನೀರು ಕುಡಿಯುತ್ತಿದ್ದಾಗ ನರ್ಸ್ ಏನೋ ಕೇಳಿದಳು. ಉತ್ತರ ಹೇಳಲು ತಿರುಗಿದ ಅಕ್ಕ ಗಾಜಿನ ಲೋಟವನ್ನು ಗಾಳಿಯಲ್ಲಿ ಬಿಟ್ಟಳು. ಲೋಟ ಚೂರುಚೂರಾಯಿತು. ಕೈಜಾರಿದ್ದಲ್ಲ ಅದು, ಬಿಟ್ಟದ್ದು. ಇಳಿದು ಬಂದ ಎಷ್ಟೋ ಮಂದಿಗೆ ಹೀಗಾಗುತ್ತದೆ, ಬರಬರುತ್ತಾ ಸರಿಹೋಗುತ್ತದೆ ಎಂದು ವೈದ್ಯರು ನಕ್ಕರು. ಜೊತೆಗೆ ಬಂದಿದ್ದ ಪೈಲಟ್ ತಾನು ಫೋನನ್ನು ಮೆಟ್ಟಿಲ ಮೇಲಿಂದ ಬಿಟ್ಟ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಅವನ ಮನೆಯಲ್ಲಿ ಎಳೆಗೂಸು ಇರಲಿಲ್ಲ.

ಕೈಯನ್ನೇ ನೋಡುತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಯಾರಾದರೂ ಕರೆದು ಗಮನ ಅತ್ತ ಹೋದರೆ ಬೆರಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಮಗು ಇರುವ ಮನೆಯಲ್ಲಿ ಯಾರಾದರೊಬ್ಬರು ಕರೆಯುತ್ತಲೇ ಇರುತ್ತಾರೆ. ಹೇಳಿಬಿಡೋಣವೆಂದರೆ, ತಂಗಿ ಇನ್ನು ಜನ್ಮದಲ್ಲಿ ನೆಮ್ಮದಿಯಿಂದ ಮಗುವನ್ನು ಕೈಗೆ ಕೊಡಲಾರಳು. ಹೇಳದಿದ್ದರೆ ಈಗಲೇ ಕೊಟ್ಟುಬಿಡುತ್ತಾಳೆ. ಅತ್ತ ದರಿ, ಇತ್ತ ಪುಲಿ. ಸಾಲದ್ದಕ್ಕೆ ಅಪ್ಪನ ಜಂಬ ಬೇರೆ.

ಮನೆಯಲ್ಲಿ ಬಾಚಣಿಗೆ ಬಿತ್ತು, ಸೋಪು ಬಿತ್ತು, ಚಹಾದ ಕಪ್ಪು ಬಿತ್ತು. ಮೂಳೆ ಸವೆದಿದೆ, ಹಾಲು ಕುಡಿಯಲಿ ಎನ್ನುತ್ತಾ ಅಮ್ಮ ಚೂರು ಗುಡಿಸಿದರು. ಅಕ್ಕ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ತನ್ನ ಕೈಗಳನ್ನು ಮತ್ತೆ ಮತ್ತೆ ನೋಡಿಕೊಂಡಳು. ಆಮೇಲೆ ಇಂಜಿನಿಯರ್ ಮಾಡುವ ಕೆಲಸವನ್ನೇ ಮಾಡಿದಳು: ಪರೀಕ್ಷೆ. ಕೋಣೆಯ ಬಾಗಿಲು ಹಾಕಿಕೊಂಡು, ದಿಂಬನ್ನು ಮಗುವಿನಂತೆ ಎತ್ತಿಕೊಂಡು, ರೇಡಿಯೋ ಹಚ್ಚಿ, ಬಾಯಲ್ಲಿ ಮಗ್ಗಿ ಹೇಳುತ್ತಾ ಕಿಟಕಿಯಿಂದ ಮಂಚಕ್ಕೂ ಮಂಚದಿಂದ ಕಿಟಕಿಗೂ ನಡೆದಳು. ಬೆನ್ನು ಬೆವರಿತು, ದಿಂಬು ಮಾತ್ರ ಬೀಳಲಿಲ್ಲ. ಎದೆ ಕೊಂಚ ಹಗುರವಾಗುತ್ತಿತ್ತು.

ಆಗ ಹೊರಗಿನಿಂದ "ಅಕ್ಕಾ" ಎಂದು ಕರೆ ಬಂತು. "ಏನೇ" ಎಂದು ತಿರುಗಿದಳು. ದಿಂಬು ನೆಲದ ಮೇಲಿತ್ತು.

ಬಾಗಿಲು ತಳ್ಳಿಕೊಂಡು ಬಂದ ತಂಗಿ, ಹೆಗಲ ಮೇಲೆ ಮಗುವನ್ನು ಹಾಕಿಕೊಂಡು, ನೆಲದ ದಿಂಬನ್ನೂ ಇನ್ನೂ ಮಡಚಿಕೊಂಡೇ ಇದ್ದ ಅಕ್ಕನ ತೋಳುಗಳನ್ನೂ ನೋಡಿದಳು.

"ದಿಂಬಾದ್ರೆ ಎತ್ಕೋತೀಯ. ನನ್ನ ಮಗು ಬೇಡ" ಎಂದಳು. ದನಿ ಏರಿರಲಿಲ್ಲ. "ಹೆರಿಗೆ ನೋವಲ್ಲೂ ನಿನ್ನ ನೌಕೆ ಎಲ್ಲಿದೆ ಅಂತ ಕೇಳ್ತಿದ್ದೆ ಕಣೇ. ಇವಳನ್ನ ಕಂಡ್ರೆ ಆಗಲ್ಲ ಅಂದ್ರೆ ಹೇಳ್ಬಿಡು, ನಾಳೆನೇ ನಮ್ಮ ಮನೆಗೆ ಹೊರಡ್ತೀನಿ."

ಅಕ್ಕ ಬಗ್ಗಿ ದಿಂಬನ್ನು ಎತ್ತಿ ಮಂಚದ ಮೇಲಿಟ್ಟಳು.

"ಬೀಳಿಸ್ಬಿಡ್ತೀನಿ ಕಣೇ" ಎಂದಳು.

ಆಮೇಲೆ ಲೋಟದಿಂದ ಹಿಡಿದು ದಿಂಬಿನವರೆಗೆ ಎಲ್ಲವನ್ನೂ ಹೇಳಿದಳು. ತಂಗಿಗೆ ಮೊದಲು ನಗು ಬಂತು. ನಗುತ್ತಲೇ ಅವಳ ಕೈ ಅವಳಿಗೆ ತಿಳಿಯದಂತೆ ಮಗುವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಿತು. ಅಕ್ಕನ ಕಣ್ಣು ಹೋದದ್ದು ಅಲ್ಲಿಗೇ. ಇಷ್ಟು ದಿನ ಹೆದರಿದ್ದು ಇದಕ್ಕೇ. ಅಕ್ಕ ಏನನ್ನು ನೋಡುತ್ತಿದ್ದಾಳೆಂದು ತಂಗಿಗೂ ತಿಳಿಯಿತು, ನಗು ನಿಂತಿತು.

"ನೆಲದ ಮೇಲೆ ಕೂತ್ರೆ ಎಲ್ಲಿಂದ ಬೀಳ್ತಾಳೆ?" ಎಂದು ಕೊನೆಗೆ ತಂಗಿಯೇ ಕೇಳಿದಳು. "ಇಂಜಿನಿಯರಮ್ಮನಿಗೆ ಇಷ್ಟೂ ಹೊಳೀಲಿಲ್ವಾ?"

ಹಾಸಿಗೆಯನ್ನು ನೆಲಕ್ಕೆ ಎಳೆದರು. ಅಕ್ಕ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತಳು. ತಂಗಿ ಮಗುವನ್ನು ಅವಳ ಮಡಿಲಲ್ಲಿಟ್ಟು, ತನ್ನ ಕೈಯನ್ನು ತಡವಾಗಿ ಹಿಂದಕ್ಕೆ ತೆಗೆದುಕೊಂಡಳು. ಮಗು ಭಾರವಾಗಿತ್ತು. ಪರದೆಯ ಮೇಲೆ ಭಾರ ಕಾಣುವುದಿಲ್ಲ. ತಂಗಿ ಪಕ್ಕದಲ್ಲಿ ಕೂತು ಒಂದು ಕಣ್ಣು ಮಗುವಿನ ಮೇಲಿಟ್ಟುಕೊಂಡೇ ತನ್ನ ಗಂಡನ ಗೊರಕೆಯ ಬಗ್ಗೆ, ಅದಕ್ಕೆ ಮಗು ಬೆಚ್ಚಿಬೀಳುವ ಬಗ್ಗೆ ಹೇಳತೊಡಗಿದಳು. ಅಕ್ಕ ಹೂಂಗುಟ್ಟಿದಳು, ತಲೆ ಎತ್ತಲಿಲ್ಲ. ಹೇಳುತ್ತಾ ಹೇಳುತ್ತಾ ಮಾತು ನಿಂತಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ ತಂಗಿ ಕೂತಲ್ಲೇ ನಿದ್ದೆ ಹೋಗಿದ್ದಳು.

ಎಬ್ಬಿಸಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಮಗು ಮುಲುಗಿತು, ಕಾಲು ಝಾಡಿಸಿತು, ಅಳಲು ಬಾಯಿ ಸೊಟ್ಟ ಮಾಡಿತು. ತೊಟ್ಟಿಲು ನಡುಮನೆಯಲ್ಲಿತ್ತು. ಎದ್ದು ನಿಲ್ಲುವ ಧೈರ್ಯವಂತೂ ಇರಲಿಲ್ಲ. ಅವಳು ಮಗುವನ್ನು ಎದೆಗೆ ಅವುಚಿಕೊಂಡು, ಹಿಮ್ಮಡಿ ಊರಿ, ಕುಂಡೆಯ ಮೇಲೆಯೇ ತೆವಳತೊಡಗಿದಳು. ಇಷ್ಟು ಜರುಗುವುದು, ನಿಂತು ಹತ್ತು ಬೆರಳನ್ನೂ ನೋಡಿಕೊಳ್ಳುವುದು, ಮತ್ತೆ ಇಷ್ಟು ಜರುಗುವುದು. ಹೊಸ್ತಿಲು ದಾಟುವುದೇ ಒಂದು ಸಾಹಸವಾಯಿತು.

ಅಂಗಡಿಯಿಂದ ಊಟಕ್ಕೆ ಬಂದ ಅಪ್ಪ ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು.

"ಭೂಮಿನೆಲ್ಲ ಸುತ್ತಿ ಬಂದವಳು ನಡುಮನೆಯಲ್ಲಿ ಯಾಕಮ್ಮ ತೆವಳ್ತಿದ್ದೀಯ?"

"ಮಾತಾಡಿಸ್ಬೇಡಿ ಅಪ್ಪ" ಎಂದಳು, ಕಣ್ಣೆತ್ತದೆ. "ಬಂದು ಇವಳನ್ನ ತಗೊಳ್ಳಿ."

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಕೈ ಒರೆಸಿಕೊಂಡು ಮೊಣಕಾಲೂರಿ ಎದುರಿಗೆ ಕೂತರು, ಮಗುವಿನ ಕತ್ತಿನ ಕೆಳಗೆ ಒಂದು ಕೈ, ಬೆನ್ನ ಕೆಳಗೆ ಒಂದು ಕೈ ತೂರಿಸಿದರು.

"ಹಿಡ್ಕೊಂಡ್ರಾ?"

"ಹಿಡ್ಕೊಂಡೆ."

"ಸರಿಯಾಗಿ?"

"ನಿಮ್ಮಿಬ್ಬರನ್ನೂ ಎತ್ತಿ ಬೆಳೆಸಿದ ಕೈ ಇದು. ಬಿಡು."

ಅವಳು ಹೂಂ ಎಂದಳು. ಆದರೆ ಬಿಡಲಿಲ್ಲ. ಅಪ್ಪ ಒಂದು ಸಲ ಮೆಲ್ಲಗೆ ಎಳೆದು ನೋಡಿ, ಬಿಗಿಯಾಗಿದ್ದ ಆ ಬೆರಳುಗಳನ್ನು ಕಂಡು, ಮತ್ತೆ ಎಳೆಯದೆ ಹಾಗೇ ಎದುರಿಗೆ ಕೂತರು. ಮಗು ಇಬ್ಬರ ಕೈಯಲ್ಲೂ ಅಳುತ್ತಿತ್ತು.